ಔಷಧಿಗೆ ಜಗ್ಗದ ಭೇದಿ: ಹಂದಿ ಸಾಕಣೆಯಲ್ಲಿ ಫೇಜ್ ಬಳಸುವುದು ಹೇಗೆ?

ವಿರಾಜಪೇಟೆ, ಸೋಮವಾರಪೇಟೆ, ಪೊನ್ನಂಪೇಟೆ ಕಡೆಯ ಹಂದಿ ಸಾಕಣೆದಾರರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಹಾಲು ಬಿಡಿಸಿದ ಮರಿಗಳಿಗೆಲ್ಲ ಭೇದಿ. ಮೊದಲು ಎರಡು ಇಂಜೆಕ್ಷನ್‌ಗೆ ನಿಲ್ಲುತ್ತಿತ್ತು, ಈಗ ಯಾವುದಕ್ಕೂ ಜಗ್ಗುವುದಿಲ್ಲ. ಫೇಜ್ ಅಂತ ಏನೋ ಇದೆಯಂತಲ್ಲ, ಎಲ್ಲಿ ಸಿಗುತ್ತದೆ? ಎಷ್ಟು ಹಾಕಬೇಕು?"

ಎಲ್ಲಿ, ಎಷ್ಟು ಎಂಬುದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಬೇಕು: ನಿಮ್ಮ ಗೂಡಿನಲ್ಲಿ ಇರುವುದು ಯಾವ ಬ್ಯಾಕ್ಟೀರಿಯಾ? ಅದು ಗೊತ್ತಿಲ್ಲದೆ ಕೊಟ್ಟ ಫೇಜ್‌ಗೂ ಬರೀ ನೀರಿಗೂ ವ್ಯತ್ಯಾಸವಿಲ್ಲ. ಈ ಬರಹದ ಅರ್ಧ ಭಾಗ ಫೇಜ್ ಬಾಟಲಿ ಕೈಗೆ ಬರುವ ಮುಂಚಿನ ಕೆಲಸದ ಬಗ್ಗೆಯೇ ಇದೆ. ಆ ಭಾಗವನ್ನು ಹಾರಿಸಿ ಓದಬೇಡಿ.

ಫೇಜ್ ಎಂದರೆ

ಬ್ಯಾಕ್ಟೀರಿಯೋಫೇಜ್, ಚಿಕ್ಕದಾಗಿ ಫೇಜ್, ಬ್ಯಾಕ್ಟೀರಿಯಾಕ್ಕೆ ಮಾತ್ರ ತಗಲುವ ವೈರಸ್. ಹಂದಿಯ ಜೀವಕೋಶವನ್ನಾಗಲಿ ನಮ್ಮ ಜೀವಕೋಶವನ್ನಾಗಲಿ ಅದು ಮುಟ್ಟುವುದಿಲ್ಲ. ತನಗೆ ಹೊಂದುವ ಬ್ಯಾಕ್ಟೀರಿಯಾದ ಮೈಮೇಲೆ ಕೂತು, ತನ್ನ ಡಿಎನ್‌ಎಯನ್ನು ಅದರೊಳಗೆ ಇಳಿಸಿ, ಅದರ ಕೈಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಂಡು, ಕೊನೆಗೆ ಅದನ್ನು ಒಡೆದು ಹೊರಬರುತ್ತದೆ. ಇ. ಕೋಲಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ಟಿ4 ಎಂಬ ಫೇಜ್‌ಗೆ ಪ್ರಯೋಗಾಲಯದಲ್ಲಿ ಇಷ್ಟು ಕೆಲಸಕ್ಕೆ ಸುಮಾರು ಅರ್ಧ ಗಂಟೆ ಸಾಕು. ಒಂದು ಬ್ಯಾಕ್ಟೀರಿಯಾ ಒಡೆದರೆ ನೂರಕ್ಕೂ ಹೆಚ್ಚು ಹೊಸ ಫೇಜ್‌ಗಳು ಹೊರಗೆ ಬರುತ್ತವೆ.

ಇದು ಹೊಸ ವಿದ್ಯೆಯೇನಲ್ಲ. 1915ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಟ್ವೋರ್ಟ್, 1917ರಲ್ಲಿ ಪ್ಯಾರಿಸ್‌ನಲ್ಲಿದ್ದ ಫೆಲಿಕ್ಸ್ ಡಿ'ಹೆರೆಲ್ ಇದನ್ನು ಬೇರೆಬೇರೆಯಾಗಿ ಗುರುತಿಸಿದರು. 1920ರ ದಶಕದಲ್ಲಿ ಡಿ'ಹೆರೆಲ್ ಭಾರತಕ್ಕೂ ಬಂದು ಕಾಲರಾ ರೋಗಿಗಳ ಮೇಲೆ ಪ್ರಯೋಗ ನಡೆಸಿದ್ದರು. ಪೆನಿಸಿಲಿನ್ ಬಂದ ಮೇಲೆ ಪಾಶ್ಚಾತ್ಯ ದೇಶಗಳು ಇದನ್ನು ಮೂಲೆಗೆ ತಳ್ಳಿದವು. ಜಾರ್ಜಿಯಾ ದೇಶದ ಟಿಬಿಲಿಸಿಯಂತಹ ಕಡೆ ಕೆಲಸ ನಿಲ್ಲಲಿಲ್ಲ. ಹಂದಿಮರಿಗಳ ಮಟ್ಟಿಗೆ ಗಟ್ಟಿ ಅಡಿಪಾಯ ಹಾಕಿದ್ದು 1983ರಲ್ಲಿ ಸ್ಮಿತ್ ಮತ್ತು ಹಗ್ಗಿನ್ಸ್ ಎಂಬ ಬ್ರಿಟಿಷ್ ವಿಜ್ಞಾನಿಗಳು. ಇ. ಕೋಲಿ ಭೇದಿ ಬರಿಸಿದ ಕರು, ಹಂದಿಮರಿ, ಕುರಿಮರಿಗಳನ್ನು ಅವರು ಫೇಜ್ ಕೊಟ್ಟು ಗುಣಪಡಿಸಿ ತೋರಿಸಿದರು.

ಎಷ್ಟು ನಿರೀಕ್ಷಿಸಬಹುದು ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸಾಲ್ಮೊನೆಲ್ಲಾ ಎಂಬ ಕರುಳಿನ ಬ್ಯಾಕ್ಟೀರಿಯಾ ಕೊಟ್ಟ ಹಂದಿಗಳಿಗೆ ಫೇಜ್ ಮಿಶ್ರಣ ಕೊಟ್ಟಾಗ ಕರುಳು ಮತ್ತು ಗಂಟಲಿನ ಗ್ರಂಥಿಯಲ್ಲಿ ಆ ಬ್ಯಾಕ್ಟೀರಿಯಾ 99ರಿಂದ 99.9 ಶೇಕಡಾ ಇಳಿಯಿತು. ಕೇಳಲು ದೊಡ್ಡ ಮಾತು. ಆದರೆ ಹತ್ತು ಲಕ್ಷದಲ್ಲಿ 99.9 ಶೇಕಡಾ ಹೋದರೂ ಸಾವಿರ ಉಳಿಯುತ್ತವೆ. ಗೂಡು ಗಲೀಜಾಗಿದ್ದರೆ ಆ ಸಾವಿರವೇ ಮತ್ತೆ ಲಕ್ಷವಾಗುತ್ತದೆ. ಇನ್ನು ಹಂದಿಯ ಮೂಗಿನಲ್ಲಿ ನೆಲೆಸುವ ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್ ಎಂಬ ಔಷಧಿಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾದ ಮೇಲೆ ನೆದರ್ಲೆಂಡ್ಸ್‌ನಲ್ಲಿ ಫೇಜ್ ಪ್ರಯೋಗಿಸಿದಾಗ ಫಲ ಸಿಗಲಿಲ್ಲ. ಕರುಳಿನ ಇ. ಕೋಲಿ, ಸಾಲ್ಮೊನೆಲ್ಲಾ ವಿಷಯದಲ್ಲಿ ಮಾತ್ರ ಭರವಸೆಗೆ ಆಧಾರವಿದೆ.

ಹಂತ 1: ಇದು ಬ್ಯಾಕ್ಟೀರಿಯಾದ ಕಾಯಿಲೆಯೇ?

ಫೇಜ್ ವೈರಸ್ ಕಾಯಿಲೆಗೆ ಕೆಲಸ ಮಾಡುವುದಿಲ್ಲ. ಆಫ್ರಿಕನ್ ಹಂದಿ ಜ್ವರ, ಹಂದಿ ಜ್ವರ, ಕಾಲುಬಾಯಿ ಜ್ವರ, ಈ ಮೂರೂ ವೈರಸ್‌ನಿಂದ ಬರುವಂಥವು. ಚಿಕ್ಕ ಪ್ರಾಯದ ಮರಿ, ದೊಡ್ಡ ಹಂದಿ ಎಂಬ ಭೇದವಿಲ್ಲದೆ ಮೇವು ಬಿಟ್ಟಿದ್ದರೆ, ಜ್ವರ ಜೋರಾಗಿದ್ದರೆ, ಕಿವಿ ಮತ್ತು ಹೊಟ್ಟೆಯ ಚರ್ಮ ಕೆಂಪು ಅಥವಾ ನೇರಳೆ ಬಣ್ಣಕ್ಕೆ ತಿರುಗಿದ್ದರೆ, ಒಂದರ ಹಿಂದೆ ಒಂದು ಸಾಯುತ್ತಿದ್ದರೆ, ಫೇಜ್ ಮಾತು ಅಲ್ಲಿಗೇ ನಿಲ್ಲಿಸಿ. ಹಂದಿ, ಮಾಂಸ, ಗೊಬ್ಬರ, ಯಾವುದೂ ಗೂಡಿನಿಂದ ಹೊರಗೆ ಹೋಗಬಾರದು. ತಕ್ಷಣ ಪಶು ಸಹಾಯವಾಣಿ 1962ಕ್ಕೆ ಅಥವಾ ಹತ್ತಿರದ ಪಶು ಆಸ್ಪತ್ರೆಗೆ ಕರೆ ಮಾಡಿ. ಆಫ್ರಿಕನ್ ಹಂದಿ ಜ್ವರ ಭಾರತದಲ್ಲಿ ಮೊದಲು ಕಾಣಿಸಿಕೊಂಡಿದ್ದು 2020ರಲ್ಲಿ, ಈಶಾನ್ಯ ರಾಜ್ಯಗಳಲ್ಲಿ. ಅದಕ್ಕೆ ಚಿಕಿತ್ಸೆ ಇಲ್ಲ. ಮಾರಿ ಕೈತೊಳೆದುಕೊಳ್ಳೋಣ ಎಂದು ಹೊರಟರೆ ಊರಿನ ಗೂಡುಗಳೆಲ್ಲ ಖಾಲಿಯಾಗುತ್ತವೆ.

ಭೇದಿ ಮಾತ್ರ ಇದ್ದರೆ ಮರಿಯ ಪ್ರಾಯ ನೋಡಿ. ಹುಟ್ಟಿದ ಮೊದಲ ನಾಲ್ಕೈದು ದಿನ ಮತ್ತು ಹಾಲು ಬಿಡಿಸಿದ ಮೊದಲ ಎರಡು ವಾರ ಇ. ಕೋಲಿಯ ಕಾಲ. ಒಂದರಿಂದ ಎರಡು ವಾರದ ಮರಿಗಳಿಗೆ ಬರುವ ಹಳದಿ ಭೇದಿಗೆ ಕಾಕ್ಸಿಡಿಯಾ ಎಂಬ ಪರಾವಲಂಬಿ ಕಾರಣವಾಗಿರಬಹುದು. ಅದಕ್ಕೆ ಔಷಧಿಯೇ ಬೇರೆ. ರೋಟಾವೈರಸ್ ಕೂಡ ಇದೇ ರೂಪದಲ್ಲಿ ಬರುತ್ತದೆ. ಕಣ್ಣಿನಲ್ಲಿ ನೋಡಿ ತೀರ್ಮಾನಿಸುವ ವಿಷಯವಲ್ಲ ಇದು.

ಹಂತ 2: ಕೊಟ್ಟ ಔಷಧಿಯ ಲೆಕ್ಕ ಬರೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕಳೆದ ಆರು ತಿಂಗಳಲ್ಲಿ ಯಾವ ಗೂಡಿಗೆ ಯಾವ ಆ್ಯಂಟಿಬಯೋಟಿಕ್, ಎಷ್ಟು ದಿನ, ಯಾರು ಹೇಳಿದ್ದು ಎಂದು ಬರೆಯಿರಿ. ಖಾಲಿ ಬಾಟಲಿ, ಪುಡಿಯ ಚೀಟಿಗಳಿದ್ದರೆ ಅವನ್ನೂ ಇಟ್ಟುಕೊಳ್ಳಿ. ಚೀಲದ ಆಹಾರ ತರುವವರು ಚೀಲದ ಮೇಲಿನ ಸಣ್ಣ ಅಕ್ಷರ ಓದಿ. ಆಹಾರದಲ್ಲೇ ಔಷಧಿ ಬೆರೆತಿದ್ದರೆ ಮರಿಗಳು ದಿನವೂ ಅದನ್ನು ತಿನ್ನುತ್ತಿರುತ್ತವೆ.

ಕೊಲಿಸ್ಟಿನ್ ಎಂಬ ಹೆಸರು ಎಲ್ಲಾದರೂ ಕಂಡರೆ ಅಲ್ಲಿಗೇ ನಿಲ್ಲಿಸಿ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಬಳಸದಂತೆ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಅದರ ತಯಾರಿಕೆ, ಮಾರಾಟ, ವಿತರಣೆ ನಿಷೇಧಿಸಿದೆ. ಬೇರೆ ಯಾವ ಔಷಧಿಯೂ ನಾಟದ ರೋಗಿಗಳಿಗೆ ಆಸ್ಪತ್ರೆಯ ಐಸಿಯುನಲ್ಲಿ ಉಳಿದಿರುವ ಕೊನೆಯ ಆಸರೆಗಳಲ್ಲಿ ಕೊಲಿಸ್ಟಿನ್ ಒಂದು. ಅದನ್ನು ಸೋಲಿಸುವ ಎಂಸಿಆರ್-1 ಎಂಬ ಜೀನ್ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ ಎಂದು 2015ರಲ್ಲಿ ಜಗತ್ತಿಗೆ ತಿಳಿದದ್ದು ಚೀನಾದಿಂದ, ಅದೂ ಹಂದಿಯಲ್ಲಿ ಸಿಕ್ಕ ಇ. ಕೋಲಿಯಿಂದ. ನಮ್ಮ ಗೂಡಿನಲ್ಲಿ ಬೆಳೆದದ್ದು ಗೂಡಿನಲ್ಲೇ ಉಳಿಯುವುದಿಲ್ಲ. ನೀವು, ನಿಮ್ಮ ಕೆಲಸದವರು, ಲೈನ್ ಮನೆಯ ಮಕ್ಕಳು ದಿನಾ ಅದರ ಪಕ್ಕದಲ್ಲೇ ಇದ್ದೀರಿ.

ಇಲ್ಲಿ ಒಂದು ಎಚ್ಚರಿಕೆ: ಕಾಯಿಲೆ ಬಿದ್ದ ಮರಿಗೆ ವೈದ್ಯರು ಬರೆದ ಔಷಧಿಯನ್ನು ಅರ್ಧಕ್ಕೆ ನಿಲ್ಲಿಸಬೇಡಿ. ನಿಲ್ಲಿಸಬೇಕಾದದ್ದು ಆರೋಗ್ಯವಾಗಿರುವ ಹಂದಿಗೆ "ಇರಲಿ" ಎಂದು ಕೊಡುವ ಔಷಧಿ.

ಹಂತ 3: ಸ್ಯಾಂಪಲ್ ತೆಗೆಯುವುದು

ಹೆಚ್ಚಿನವರ ಕೆಲಸ ಕೆಡುವುದು ಈ ಹಂತದಲ್ಲೇ.

ಆ್ಯಂಟಿಬಯೋಟಿಕ್ ಕೊಡುವ ಮೊದಲೇ ಸ್ಯಾಂಪಲ್ ತೆಗೆಯಬೇಕು. ಕೊಟ್ಟ ಮೇಲೆ ತೆಗೆದರೆ ಲ್ಯಾಬ್‌ನಲ್ಲಿ ಬೆಳೆಯಬೇಕಾದದ್ದು ಬೆಳೆಯದೆ ಬೇರೇನೋ ಬೆಳೆಯುತ್ತದೆ. ಭೇದಿ ಶುರುವಾಗಿ ಒಂದು ದಿನದೊಳಗಿನ, ಇನ್ನೂ ಚಿಕಿತ್ಸೆ ಸಿಗದ ನಾಲ್ಕೈದು ಮರಿಗಳನ್ನು ಆರಿಸಿಕೊಳ್ಳಿ. ನೆಲದ ಮೇಲೆ ಬಿದ್ದ ಸಗಣಿ ಬೇಡ. ಗ್ಲೌಸ್ ಹಾಕಿ, ಕ್ರಿಮಿಮುಕ್ತ ಸ್ವಾಬ್ ಕಡ್ಡಿಯನ್ನು ಗುದದ್ವಾರದೊಳಗೆ ಮೆಲ್ಲಗೆ ತಿರುಗಿಸಿ ತೆಗೆದು, ಸಾಗಣೆಯ ಜೆಲ್ ಇರುವ ಕೊಳವೆಗೆ ಹಾಕಿ ಮುಚ್ಚಬೇಕು. ಆ ಜೆಲ್ ಬ್ಯಾಕ್ಟೀರಿಯಾ ಸಾಯದಂತೆ, ವಿಪರೀತ ಬೆಳೆಯದಂತೆ ದಾರಿಯುದ್ದಕ್ಕೂ ಕಾಯುತ್ತದೆ. ಕೊಳವೆಗಳನ್ನು ಪಶುವೈದ್ಯರಿಂದ ಮೊದಲೇ ತರಿಸಿಟ್ಟುಕೊಳ್ಳಿ. ಮರಿ ಭೇದಿ ಮಾಡುತ್ತಿರುವಾಗ ಮಡಿಕೇರಿಗೆ ಓಡುವ ಹಾಗಾಗಬಾರದು.

ಪ್ರತಿ ಕೊಳವೆಯ ಮೇಲೆ ಗೂಡಿನ ಸಂಖ್ಯೆ, ಮರಿಯ ಪ್ರಾಯ, ತಾರೀಕು ಬರೆಯಿರಿ. ಮಳೆಗಾಲದಲ್ಲಿ ಬಾಲ್‌ಪೆನ್ ಬರಹ ಅಳಿಸಿಹೋಗುತ್ತದೆ. ಮಾರ್ಕರ್‌ನಲ್ಲಿ ಬರೆದು ಮೇಲೆ ಟೇಪ್ ಅಂಟಿಸಿ. ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಟ್ಟು, ಕೊಳವೆ ಐಸ್‌ಗೆ ನೇರ ತಾಗದ ಹಾಗೆ ನಡುವೆ ಪೇಪರ್ ಮಡಚಿಡಿ. ತಣ್ಣಗಿರಬೇಕು, ಹೆಪ್ಪುಗಟ್ಟಬಾರದು. 24 ಗಂಟೆಯೊಳಗೆ ಲ್ಯಾಬ್ ಸೇರಿದರೆ ಒಳ್ಳೆಯದು.

ಎಲ್ಲಿಗೆ? ನಮ್ಮ ತಾಲ್ಲೂಕಿನ ಪಶುವೈದ್ಯರ ಪತ್ರದೊಂದಿಗೆ ಹಾಸನದ ಪಶುವೈದ್ಯಕೀಯ ಕಾಲೇಜಿಗೆ, ಇಲ್ಲವೇ ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ. ಮೊದಲೇ ಫೋನ್ ಮಾಡಿ ಸ್ಯಾಂಪಲ್ ಸ್ವೀಕರಿಸುತ್ತಾರೆಯೇ, ಶುಲ್ಕ ಎಷ್ಟು ಎಂದು ಕೇಳಿಕೊಳ್ಳಿ. ಶುಕ್ರವಾರ ಸಂಜೆಯ ಬಸ್ಸಿಗೆ ಪಾರ್ಸೆಲ್ ಹಾಕಬೇಡಿ. ವಾರಾಂತ್ಯವೆಲ್ಲ ಅದು ಬಸ್‌ಸ್ಟ್ಯಾಂಡಿನ ಪಾರ್ಸೆಲ್ ಕೋಣೆಯಲ್ಲಿ ಕೊಳೆಯುತ್ತದೆ. ಸೋಮವಾರದಿಂದ ಬುಧವಾರದೊಳಗೆ ಕಳಿಸಿ.

ಹಂತ 4: ವರದಿ ಓದುವುದು, ಬ್ಯಾಕ್ಟೀರಿಯಾ ಉಳಿಸಿಕೊಳ್ಳುವುದು

ಲ್ಯಾಬ್ ವರದಿಯಲ್ಲಿ ಬ್ಯಾಕ್ಟೀರಿಯಾದ ಹೆಸರು, ಅದರ ಕೆಳಗೆ ಔಷಧಿಗಳ ಪಟ್ಟಿ, ಪ್ರತಿಯೊಂದರ ಮುಂದೆ ಎಸ್, ಐ ಅಥವಾ ಆರ್ ಎಂದು ಇರುತ್ತದೆ. ಎಸ್ ಎಂದರೆ ಔಷಧಿಗೆ ಬಗ್ಗುತ್ತದೆ, ಆರ್ ಎಂದರೆ ಬಗ್ಗುವುದಿಲ್ಲ, ಐ ಎಂದರೆ ನಡುವೆ. ಎಸ್ ಇರುವ ಸಾಮಾನ್ಯ ಔಷಧಿ ಒಂದಾದರೂ ಇದ್ದರೆ, ಕಾಯಿಲೆ ಬಿದ್ದ ಮರಿಗೆ ಮೊದಲ ದಾರಿ ಅದೇ. ಫೇಜ್ ಹುಡುಕುತ್ತಾ ಮರಿಯನ್ನು ಸಾಯಲು ಬಿಡಬೇಡಿ. ಕೊಲಿಸ್ಟಿನ್ ಬಗ್ಗೆ ವರದಿಯಲ್ಲಿ ಏನಾದರೂ ಇದ್ದರೆ ಯಾವ ವಿಧಾನದಲ್ಲಿ ನೋಡಿದ್ದು ಎಂದು ಕೇಳಿ. ಔಷಧಿ ಹಚ್ಚಿದ ಕಾಗದದ ಬಿಲ್ಲೆ ಇಟ್ಟು ಮಾಡುವ ಪರೀಕ್ಷೆಯನ್ನು ಅದರ ವಿಷಯದಲ್ಲಿ ನಂಬುವಂತಿಲ್ಲ.

ಸ್ಯಾಂಪಲ್ ಜೊತೆ ಕಳಿಸುವ ಪತ್ರದಲ್ಲೇ ಈ ಒಂದು ವಾಕ್ಯ ಸೇರಿಸಿ: "ಬೆಳೆದ ಬ್ಯಾಕ್ಟೀರಿಯಾವನ್ನು ದಯವಿಟ್ಟು ಬಿಸಾಡದೆ ಸಂಗ್ರಹಿಸಿಡಿ." ಫೇಜ್ ಹೊಂದುತ್ತದೆಯೇ ಎಂದು ನೋಡಲು ಬೇಕಾಗುವುದು ಕಾಗದದ ವರದಿಯಲ್ಲ, ಜೀವಂತ ಬ್ಯಾಕ್ಟೀರಿಯಾ. ವರದಿ ಕೈಗೆ ಬಂದು ವಾರವಾದ ಮೇಲೆ ಕೇಳಿದರೆ ತಟ್ಟೆ ತೊಳೆದು ಆಗಿರುತ್ತದೆ.

ಹಂತ 5: ಹೊಂದುವ ಫೇಜ್ ಹುಡುಕುವುದು

ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಹೆಸರು ಹೇಳಿ ತರುವ ಔಷಧಿ ಇದಲ್ಲ. ಪಶುವೈದ್ಯರನ್ನು ಮುಂದಿಟ್ಟುಕೊಂಡು, ಫೇಜ್ ಮೇಲೆ ಕೆಲಸ ಮಾಡುವ ಲ್ಯಾಬ್ ಅಥವಾ ಸಂಸ್ಥೆಯ ಜೊತೆ, ಲಿಖಿತ ಅನುಮತಿಯೊಂದಿಗೆ ನಡೆಯಬೇಕಾದ ಕೆಲಸ. ನಿಮ್ಮ ಫಾರ್ಮ್ ಅವರ ಪ್ರಯೋಗದ ಭಾಗವಾಗುವ ದಾರಿಯನ್ನೂ ಕೇಳಿ ನೋಡಿ.

ಹೊಂದಾಣಿಕೆ ನೋಡುವ ಪರೀಕ್ಷೆ ಕಣ್ಣಿಗೆ ಕಾಣುವಂಥದ್ದು. ಸಾಧ್ಯವಾದರೆ ಒಮ್ಮೆ ಎದುರಿಗೆ ನಿಂತು ನೋಡಿ. ಗಾಜಿನ ತಟ್ಟೆಯಲ್ಲಿ ಜೆಲ್ಲಿಯಂತಹ ಅಗರ್, ಅದರ ಮೇಲೆ ನಿಮ್ಮ ಗೂಡಿನ ಇ. ಕೋಲಿಯನ್ನು ಒಂದೇ ಸಮನೆ ಹರಡಿರುತ್ತಾರೆ. ಅದರ ಮೇಲೆ ಫೇಜ್ ದ್ರಾವಣದ ಸಣ್ಣ ಸಣ್ಣ ಹನಿ ಬಿಡುತ್ತಾರೆ. ಮಾರನೆಯ ದಿನ ತಟ್ಟೆ ತುಂಬ ಮಂಜು ಕವಿದ ಹಾಗೆ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಫೇಜ್ ಗೆದ್ದ ಕಡೆ ಮಾತ್ರ ದುಂಡಗೆ, ಸ್ವಚ್ಛವಾಗಿ, ಆಚೆಯದು ಕಾಣುವಷ್ಟು ತಿಳಿಯಾಗಿರುತ್ತದೆ. ಹನಿಯನ್ನು ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳು ಮಾಡುತ್ತಾ ಹೋದರೆ ಆ ತಿಳಿ ವೃತ್ತ ಒಡೆದು ಬಿಡಿಬಿಡಿ ಚುಕ್ಕೆಗಳಾಗುತ್ತದೆ. ಒಂದೊಂದು ಚುಕ್ಕೆಯೂ ಒಂದೊಂದು ಫೇಜ್‌ನಿಂದ ಶುರುವಾದದ್ದು. ಈ ಚುಕ್ಕೆ ಎಣಿಸಿಯೇ ಬಾಟಲಿಯ ಬಲ ಹೇಳುವುದು. ಅದರ ಅಳತೆಗೆ ಪಿಎಫ್‌ಯು ಎನ್ನುತ್ತಾರೆ. ಒಂದೇ ಗಾಢ ಹನಿ ಬಿಟ್ಟು "ನೋಡಿ, ತಿಳಿಯಾಗಿದೆ" ಎಂದರೆ ಒಪ್ಪಬೇಡಿ. ತೀರಾ ಗಾಢವಾದ ದ್ರಾವಣ ಫೇಜ್ ಬೆಳೆಯದೆಯೂ ಬ್ಯಾಕ್ಟೀರಿಯಾವನ್ನು ಒಡೆಯಬಲ್ಲದು. ತೆಳು ಮಾಡಿದ ತಟ್ಟೆಯಲ್ಲಿ ಬಿಡಿ ಚುಕ್ಕೆ ಕಾಣಬೇಕು.

ಕೊಡುವವರನ್ನು ಕೇಳಬೇಕಾದ ಪ್ರಶ್ನೆಗಳು:

- ಇದು ಕೊಂದೇ ಹೊರಬರುವ ಜಾತಿಯ ಫೇಜ್ ತಾನೇ? ಕೆಲವು ಫೇಜ್‌ಗಳು ಕೊಲ್ಲದೆ ಬ್ಯಾಕ್ಟೀರಿಯಾದ ಡಿಎನ್‌ಎ ಒಳಗೆ ಸೇರಿಕೊಂಡು ಅಡಗಿ ಕೂರುತ್ತವೆ. ವಿಷ ತಯಾರಿಸುವ ಜೀನ್‌ಗಳನ್ನು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹೊತ್ತೊಯ್ಯಬಲ್ಲವು. ಶಿಗಾ ಟಾಕ್ಸಿನ್ ಇ. ಕೋಲಿಗೆ ಬಂದದ್ದೇ ಈ ದಾರಿಯಲ್ಲಿ. ಡಿಎನ್‌ಎ ಪೂರ್ತಿ ಓದಿಸಿ, ಅಂಥ ಜೀನ್ ಇಲ್ಲ ಎಂಬ ವರದಿ ಇರಬೇಕು.
- ಮಿಶ್ರಣದಲ್ಲಿ ಎಷ್ಟು ಬಗೆಯ ಫೇಜ್ ಇದೆ? ಒಂದೇ ಇದ್ದರೆ ಬ್ಯಾಕ್ಟೀರಿಯಾ ಬೇಗ ತಪ್ಪಿಸಿಕೊಳ್ಳುತ್ತದೆ. ಸ್ಮಿತ್ ಮತ್ತು ಹಗ್ಗಿನ್ಸ್ ಆಗಲೇ ಎರಡನೆಯ ಫೇಜ್ ಸೇರಿಸಿದ್ದು ಮೊದಲನೆಯದರಿಂದ ತಪ್ಪಿಸಿಕೊಂಡವುಗಳನ್ನು ಹಿಡಿಯಲಿಕ್ಕೇ.
- ಒಡೆದ ಬ್ಯಾಕ್ಟೀರಿಯಾದ ವಿಷಕಾರಿ ಚೂರುಗಳನ್ನು, ಅಂದರೆ ಎಂಡೋಟಾಕ್ಸಿನ್ ಅನ್ನು, ತೆಗೆದಿದ್ದಾರೆಯೇ? ಜೀವಂತ ಬ್ಯಾಕ್ಟೀರಿಯಾ ಉಳಿದಿಲ್ಲ ಎಂದು ಪರೀಕ್ಷಿಸಿದ್ದಾರೆಯೇ?
- ಬಾಟಲಿಯ ಮೇಲೆ ಪಿಎಫ್‌ಯು, ತಯಾರಿಸಿದ ದಿನ, ಬಳಸುವ ಕೊನೆಯ ದಿನ ಇದೆಯೇ?

"ಚರಂಡಿ ನೀರಿನಲ್ಲೇ ಫೇಜ್ ಇರುತ್ತದಂತೆ, ನಾವೇ ಮಾಡಿಕೊಳ್ಳಬಹುದಲ್ಲ?" ಎಂದೂ ಕೇಳುತ್ತಾರೆ. ಇರುವುದು ನಿಜ, ವಿಜ್ಞಾನಿಗಳೂ ಅಲ್ಲಿಂದಲೇ ಹುಡುಕುತ್ತಾರೆ. ಆದರೆ ಮನೆಯಲ್ಲಿ ಸೋಸಿದ ಚರಂಡಿ ನೀರಿನಲ್ಲಿ ಫೇಜ್ ಜೊತೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ, ಅಡಗಿ ಕೂರುವ ಫೇಜ್, ವಿಷ, ಎಲ್ಲವೂ ಇರುತ್ತವೆ. ಅದನ್ನು ಮರಿಗೆ ಕುಡಿಸುವುದು ಎಂದರೆ ಕಾಯಿಲೆ ಕುಡಿಸುವುದು. ದಯವಿಟ್ಟು ಮಾಡಬೇಡಿ.

ಹಂತ 6: ಗೂಡು ತಯಾರು ಮಾಡುವುದು

ಮೊದಲು ಸಗಣಿ ಕೆರೆದು ತೆಗೆದು, ಸೋಪಿನ ನೀರಿನಲ್ಲಿ ಉಜ್ಜಿ, ತೊಳೆದು, ಒಣಗಿಸಿ, ಆಮೇಲೆ ಕ್ರಿಮಿನಾಶಕ. ಸಗಣಿಯ ಮೇಲೆಯೇ ಬ್ಲೀಚಿಂಗ್ ಪೌಡರ್ ಚೆಲ್ಲಿದರೆ ಅದರ ಶಕ್ತಿಯೆಲ್ಲ ಸಗಣಿಗೇ ಹೋಗುತ್ತದೆ. ಕ್ರಿಮಿನಾಶಕ ಹಾಕಿದ ಮೇಲೆ ಮತ್ತೆ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಬ್ಲೀಚಿಂಗ್ ಪೌಡರ್, ಸುಣ್ಣ ಬ್ಯಾಕ್ಟೀರಿಯಾವನ್ನು ಕೊಲ್ಲುವಂತೆ ಫೇಜ್ ಅನ್ನೂ ಕೊಲ್ಲುತ್ತವೆ. ಬೆಳಿಗ್ಗೆ ಬ್ಲೀಚಿಂಗ್, ಸಂಜೆ ಫೇಜ್ ಎಂದು ಮಾಡಿದರೆ ದುಡ್ಡು ಚರಂಡಿ ಪಾಲು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗೂಡು ಒಣಗುವುದೇ ಇಲ್ಲ. ಅದಕ್ಕೇ, ಒಂದು ಗೂಡಿನ ಹಂದಿಗಳನ್ನೆಲ್ಲ ಒಟ್ಟಿಗೆ ಖಾಲಿ ಮಾಡಿ ತೊಳೆಯುವ ದೊಡ್ಡ ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್‌ ಒಳಗೆ ಇಟ್ಟುಕೊಳ್ಳಿ. ಹುತ್ತರಿಗೆ ಹೆಚ್ಚಿನ ಹಂದಿ ಮಾರಾಟವಾಗಿ ಗೂಡು ಖಾಲಿಯಾಗಿರುವ ಸಮಯವೂ ಅದೇ.

ಹಂತ 7: ಫೇಜ್ ಕೊಡುವುದು

ಪ್ರಮಾಣ ಎಷ್ಟು ಎಂದು ತೀರ್ಮಾನಿಸಬೇಕಾದವರು ವೈದ್ಯರು ಮತ್ತು ಲ್ಯಾಬ್‌ನವರು. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಹಂದಿಯೊಂದಕ್ಕೆ ಹತ್ತು ಕೋಟಿಯಿಂದ ಸಾವಿರ ಕೋಟಿ ಪಿಎಫ್‌ಯುವರೆಗೆ ಕೊಟ್ಟಿದ್ದಾರೆ. ನಿಮ್ಮ ಕೈಯಲ್ಲಿರುವುದು ಆ ಪ್ರಮಾಣ ಕರುಳಿನವರೆಗೆ ಜೀವಂತವಾಗಿ ಹೋಗುವಂತೆ ನೋಡಿಕೊಳ್ಳುವುದು. ದಾರಿಯಲ್ಲಿ ಅದನ್ನು ಕೊಲ್ಲುವ ಸಂಗತಿಗಳು ಹಲವು.

ಬಿಸಿ ಮತ್ತು ಬಿಸಿಲು. ದ್ರವ ರೂಪದ ಫೇಜ್ ಅನ್ನು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ 4 ಡಿಗ್ರಿಯ ಆಸುಪಾಸಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರಾದರೆ ಐಸ್ ಪ್ಯಾಕ್ ಸಿದ್ಧವಿರಲಿ, ಇಲ್ಲವೇ ಪುಡಿ ರೂಪದ್ದು ಸಿಗುತ್ತದೆಯೇ ಕೇಳಿ. ಬಿಸಿ ಗಂಜಿಗೆ ಬೆರೆಸಬೇಡಿ. ಗೂಡಿಗೆ ಸಿಂಪಡಿಸುವುದಾದರೆ ಸಂಜೆ ಸಿಂಪಡಿಸಿ.

ಕ್ಲೋರಿನ್. ಪಂಚಾಯಿತಿ ನಲ್ಲಿಯ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಕ್ಲೋರಿನ್ ಹಾಕದ ಬಾವಿ ಅಥವಾ ಕೊಳವೆಬಾವಿ ನೀರು ಬಳಸಿ. ಬೇರೆ ನೀರೇ ಇಲ್ಲದಿದ್ದರೆ ಕ್ಲೋರಿನ್ ಇಳಿಸಲು ಸೋಡಿಯಂ ಥಯೋಸಲ್ಫೇಟ್ ಎಷ್ಟು ಹಾಕಬೇಕು ಎಂದು ವೈದ್ಯರನ್ನು ಕೇಳಿ. ಬಕೆಟ್, ತೊಟ್ಟಿಗಳಲ್ಲೂ ಬ್ಲೀಚಿಂಗ್ ವಾಸನೆ ಇರಬಾರದು.

ಹೊಟ್ಟೆಯ ಆಮ್ಲ. ಹೆಚ್ಚಿನ ಫೇಜ್ ಸೋಲುವುದು ಇದಕ್ಕೇ. ಖಾಲಿ ಹೊಟ್ಟೆಯಲ್ಲಿ ಆಮ್ಲ ತೀವ್ರವಾಗಿದ್ದು, ಫೇಜ್ ಕರುಳಿಗೆ ಇಳಿಯುವ ಮುಂಚೆಯೇ ಸಾಯುತ್ತದೆ. ಹಿಂದಿನ ಪ್ರಯೋಗಗಳಲ್ಲಿ ಕರುಗಳಿಗೆ ಹಾಲಿನ ಜೊತೆ ಕ್ಯಾಲ್ಸಿಯಂ ಕಾರ್ಬೋನೇಟ್ ಕೊಟ್ಟು ಆಮ್ಲ ಇಳಿಸಿದ್ದರು. ಈಗ ಆಮ್ಲ ತಾಗದಂತೆ ಸೂಕ್ಷ್ಮ ಕವಚದೊಳಗಿಟ್ಟ ಫೇಜ್ ಕೂಡ ಬಳಸುತ್ತಾರೆ. ಕವಚ ಇಲ್ಲದ್ದಾದರೆ ಮೇವು ತಿಂದ ಮೇಲೆ, ವೈದ್ಯರು ಹೇಳಿದ ಆಮ್ಲ ತಗ್ಗಿಸುವ ಪುಡಿಯ ಜೊತೆ ಕೊಡಿ. ಭೇದಿ ತಡೆಯಲೆಂದು ನೀರಿಗೆ ಆಮ್ಲದ ದ್ರಾವಣ ಬೆರೆಸುವ ಅಭ್ಯಾಸವಿದ್ದರೆ ಆ ದಿನಗಳಲ್ಲಿ ನಿಲ್ಲಿಸಿ.

ಜೊತೆಗೆ ಕೊಡುವ ಔಷಧಿ. ಫೇಜ್ ಬೆಳೆಯಬೇಕಾದರೆ ಬ್ಯಾಕ್ಟೀರಿಯಾವೂ ಬೆಳೆಯುತ್ತಿರಬೇಕು. ಟೆಟ್ರಾಸೈಕ್ಲಿನ್‌ನಂತಹ, ಬ್ಯಾಕ್ಟೀರಿಯಾವನ್ನು ಕೊಲ್ಲದೆ ಬೆಳವಣಿಗೆ ತಡೆಯುವ ಔಷಧಿ ಒಟ್ಟಿಗಿದ್ದರೆ ಫೇಜ್‌ಗೂ ಅಡ್ಡಿ. ನಿಮ್ಮ ನೋಟ್‌ಬುಕ್ ಇಲ್ಲಿ ಕೆಲಸಕ್ಕೆ ಬರುತ್ತದೆ.

ಯಾವಾಗ ಕೊಟ್ಟರೆ ಫಲ ಹೆಚ್ಚು? ಹಾಲು ಬಿಡಿಸುವ ದಿನದ ಆಸುಪಾಸು ಒಂದು ಸಮಯ. ಮರಿಗಳನ್ನು ಹೊಸ ಗೂಡಿಗೆ ಬಿಟ್ಟಾಗ ಇನ್ನೊಂದು. ಮಾರಾಟಕ್ಕೆ ಸಾಗಿಸುವ ಮುನ್ನ ಮತ್ತೊಂದು: ವ್ಯಾನಿನ ಪ್ರಯಾಣದ ಒತ್ತಡಕ್ಕೆ ಹಂದಿಗಳು ಸಾಲ್ಮೊನೆಲ್ಲಾವನ್ನು ಹೆಚ್ಚಾಗಿ ಹೊರಹಾಕುತ್ತವೆ, ಅದು ಮಾಂಸಕ್ಕೆ ಸೇರುತ್ತದೆ. ಸಿಂಪರಣೆಯನ್ನು ಕಡೆಗಣಿಸಬೇಡಿ. 1987ರಲ್ಲಿ ಸ್ಮಿತ್ ತಂಡ ಕರುಗಳ ಹಾಸಿನ ಮೇಲೆ ಫೇಜ್ ಸಿಂಪಡಿಸಿಯೇ ಸೋಂಕು ತಡೆದಿತ್ತು.

ಕೊಡುವಾಗ ಗ್ಲೌಸ್, ಮಾಸ್ಕ್ ಇರಲಿ. ಫೇಜ್‌ಗೆ ಹೆದರಿ ಅಲ್ಲ, ಭೇದಿ ಮಾಡುವ ಹಂದಿಯ ಹತ್ತಿರ ಹೋಗುತ್ತಿದ್ದೀರಿ ಎಂದು.

ಹಂತ 8: ಗೊಬ್ಬರ ಮತ್ತು ತೋಡು

ಗೂಡು ತೊಳೆದ ನೀರು ತೋಡಿಗೆ, ತೋಡು ಹೊಳೆಗೆ, ಹೊಳೆ ಕಾವೇರಿಗೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಇರುವ ಫಾರ್ಮಿನಿಂದ ಹಸಿ ಗೊಬ್ಬರವೂ ತೊಳೆದ ನೀರೂ ನೇರವಾಗಿ ಹೊರಹೋಗಬಾರದು. ನೀರಿಗೆ ಗುಂಡಿ ಮಾಡಿ ನಿಲ್ಲಿಸಿ. ಗೊಬ್ಬರವನ್ನು ಕಾಫಿ ಸಿಪ್ಪೆ, ತರಗೆಲೆ ಸೇರಿಸಿ ರಾಶಿ ಹಾಕಿ, ಮಳೆ ಬೀಳದಂತೆ ತಾಡಪಾಲು ಹೊದಿಸಿ ಕಳಿಯಲು ಬಿಡಿ. ರಾಶಿಯ ಒಳಗೆ 55 ಡಿಗ್ರಿಗಿಂತ ಹೆಚ್ಚು ಬಿಸಿ ಕನಿಷ್ಠ ಮೂರು ದಿನ ಸತತವಾಗಿ ನಿಂತರೆ ರೋಗ ತರುವ ಬ್ಯಾಕ್ಟೀರಿಯಾ ಬಹುಪಾಲು ಸಾಯುತ್ತದೆ. ಹೊರ ಅಂಚು ಬಿಸಿಯಾಗುವುದಿಲ್ಲ, ಆದ್ದರಿಂದ ಮಗುಚಿ ಮತ್ತೆ ಬಿಸಿಯಾಗಲು ಬಿಡಿ. ಉದ್ದ ಕಡ್ಡಿಯ ಥರ್ಮಾಮೀಟರ್ ಕೊಳ್ಳಿ, ಕೈ ಇಟ್ಟು ನೋಡುವುದು ಬೇಡ. ರೆಸಾರ್ಟ್, ಹೋಟೆಲುಗಳಿಂದ ತರುವ ಮುಸುರೆಯನ್ನು ಚೆನ್ನಾಗಿ ಕುದಿಸದೆ ಹಾಕಬೇಡಿ. ಆಫ್ರಿಕನ್ ಹಂದಿ ಜ್ವರಕ್ಕೂ ಅದು ಹೆದ್ದಾರಿ.

ಹಂತ 9: ಫಲ ಬಂದಿದೆಯೇ ಎಂದು ನೋಡುವುದು

ಫೇಜ್ ಕೊಡುವ ಹಿಂದಿನ ದಿನದಿಂದಲೇ ದಿನಾ ಬರೆಯಿರಿ: ಎಷ್ಟು ಮರಿಗೆ ಭೇದಿ, ಎಷ್ಟು ಸತ್ತವು, ವಾರಕ್ಕೊಮ್ಮೆ ತೂಕ. ಸಾಧ್ಯವಿದ್ದರೆ ಅದೇ ಪ್ರಾಯದ ಒಂದು ಗೂಡಿಗೆ ಫೇಜ್ ಕೊಡದೆ ಉಳಿದೆಲ್ಲ ಆರೈಕೆ ಒಂದೇ ರೀತಿ ಮಾಡಿ. ಹೋಲಿಸಲು ಏನೂ ಇಲ್ಲದಿದ್ದರೆ, ತಾನಾಗಿ ನಿಂತ ಭೇದಿಗೂ ಫೇಜ್‌ಗೆ ಹೊಗಳಿಕೆ ಸಿಗುತ್ತದೆ. ಎರಡು ವಾರದ ನಂತರ ಹಂತ 3ರ ರೀತಿಯಲ್ಲೇ ಮತ್ತೆ ಸ್ವಾಬ್ ಕಳಿಸಿ.

ಭೇದಿ ಇಳಿಯದಿದ್ದರೆ ಪ್ರಮಾಣವನ್ನು ನೀವಾಗಿ ಹೆಚ್ಚಿಸಬೇಡಿ. ಹೊಸ ಸ್ವಾಬಿನಲ್ಲಿ ಬೆಳೆದ ಬ್ಯಾಕ್ಟೀರಿಯಾದ ಮೇಲೆ ಹಳೆಯ ಫೇಜ್ ಹನಿ ಬಿಟ್ಟು ನೋಡಲು ಲ್ಯಾಬ್‌ಗೆ ಹೇಳಿ. ತಟ್ಟೆ ಈಗಲೂ ತಿಳಿಯಾದರೆ ತೊಂದರೆ ಇರುವುದು ನಿಮ್ಮ ನೀರು, ಆಮ್ಲ ಅಥವಾ ಫ್ರಿಜ್ಜಿನಲ್ಲಿ. ಮಂಜಾಗಿಯೇ ಉಳಿದರೆ ಬ್ಯಾಕ್ಟೀರಿಯಾ ತಪ್ಪಿಸಿಕೊಂಡಿದೆ, ಇಲ್ಲವೇ ಬೇರೊಂದು ಬಂದು ಕೂತಿದೆ. ಆಗ ಉಳಿದ ಬಾಟಲಿಯನ್ನು ಬಳಸದೆ, ಹೊಸ ಬ್ಯಾಕ್ಟೀರಿಯಾದೊಂದಿಗೆ ಹಂತ 5ರಿಂದ ಮತ್ತೆ ಶುರು ಮಾಡಬೇಕು.